ಅಡಿಯೂ ಚದರ ಅಡಿಯೂ

ಈ ಸಲದ ಗೋಡೆ ಪತ್ರಿಕೆಗೆ ಏನಾದರೂ ಬರೆದುಕೊಡು ಎಂದು ಸರ್ ಹೇಳಿದಾಗ ಕವನ ಬರೆಯೋಣ ಎಂದುಕೊಂಡೆ. ಆದರೆ ಮನಸ್ಸಿನಲ್ಲಿ ಕೂತಿರುವುದು ನಾನು ಮಾಡಿದ ಒಂದು ತಪ್ಪು. ಅದನ್ನೇ ಬರೆಯುತ್ತಿದ್ದೇನೆ. ಓದಿ ನಗಬೇಡಿ.

ನನಗೆ ಗಣಿತ ಎಂದರೆ ಮೊದಲಿನಿಂದಲೂ ಭಯ. ತರಗತಿಯಲ್ಲಿ ಒಂದು ಸಲ ಅರ್ಥವಾಗದಿದ್ದರೆ ಎರಡನೇ ಸಲ ಕೇಳಲು ನಾಚಿಕೆ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಚಂದನ ಟಿ.ವಿ.ಯಲ್ಲಿ ಪಾಠ ಬರುತ್ತಿತ್ತು. ಆಗ ಹೈಸ್ಕೂಲಿನಲ್ಲಿದ್ದ ನಮ್ಮಕ್ಕ ಪುಸ್ತಕ ಹಿಡಿದು ಟಿ.ವಿ. ಮುಂದೆ ಕೂರುತ್ತಿದ್ದಳು. ಕರೆಂಟ್ ಹೋದರೆ ಪಾಠವೂ ಹೋಯಿತು. ಈಗ ಹಾಗಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದರೆ ದೀಕ್ಷಾದಲ್ಲಿ ಪಾಠ ಸಿಗುತ್ತದೆ. ಯೂಟ್ಯೂಬಿನಲ್ಲೂ ಕನ್ನಡದ ಗಣಿತ ಪಾಠಗಳು ಬೇಕಾದಷ್ಟಿವೆ.

ನಮ್ಮ ಮನೆಯಲ್ಲಿರುವುದು ಒಂದೇ ಮೊಬೈಲು, ಅಪ್ಪನದು. ಅಪ್ಪ ತೋಟದಿಂದ ಬಂದ ಮೇಲೆ ರಾತ್ರಿ ಎಂಟು ಗಂಟೆಗೆ ನನ್ನ ಕೈಗೆ ಬರುತ್ತದೆ. ಒಳಗೆ ಸಿಗ್ನಲ್ ಸಿಗಲ್ಲ, ತಾರಸಿ ಮೇಲೆ ಹೋಗಬೇಕು. ಸ್ಪರ್ಶಕವು ಸ್ಪರ್ಶ ಬಿಂದುವಿನಲ್ಲಿ ತ್ರಿಜ್ಯಕ್ಕೆ ಲಂಬವಾಗಿರುತ್ತದೆ ಎಂಬ ಪ್ರಮೇಯವನ್ನು ಅಲ್ಲೇ ಕೂತು ನಾಲ್ಕು ಸಲ ನೋಡಿ ಕಲಿತೆ. ನಾಲ್ಕು ಸಲ ಕೇಳಿದರೂ ವಿಡಿಯೋ ಬೈಯುವುದಿಲ್ಲವಲ್ಲ! ಅಮೆರಿಕದ ಸಲ್ಮಾನ್ ಖಾನ್ (ಸಿನಿಮಾದವರಲ್ಲ) 2004ರಲ್ಲಿ ನೆಂಟರ ಹುಡುಗಿಗೆ ದೂರದಿಂದಲೇ ಗಣಿತ ಹೇಳಿಕೊಡಲು ಶುರು ಮಾಡಿದರಂತೆ. ಆಮೇಲೆ ಪಾಠಗಳನ್ನು ಯೂಟ್ಯೂಬಿಗೆ ಹಾಕಿದಾಗ, ಎದುರಿಗೆ ಹೇಳುವುದಕ್ಕಿಂತ ವಿಡಿಯೋನೇ ವಾಸಿ ಎಂದರಂತೆ ಅವರ ಮನೆಯ ಮಕ್ಕಳು. ಅವರಿಗೂ ನನ್ನ ಹಾಗೇ ನಾಚಿಕೆ ಇತ್ತೇನೋ. ಅವರೇ ಕಟ್ಟಿದ್ದು ಖಾನ್ ಅಕಾಡೆಮಿ. ಅದರ ಪಾಠಗಳು ಕನ್ನಡದಲ್ಲೂ ಇವೆ.

ಹೀಗೆ ಪ್ರಮೇಯ ಬಂತು. ಆದರೆ ಸೂತ್ರಗಳು ಬಂದಾಗ ನಾನು ಅವಸರ ಮಾಡಿದೆ. ಪರೀಕ್ಷೆ ಹತ್ತಿರ ಇತ್ತು. ವಿಡಿಯೋವನ್ನು ಜೋರಾಗಿ ಓಡಿಸಿ, ಕೊನೆಯಲ್ಲಿ ಚೌಕದೊಳಗೆ ಬರೆದು ತೋರಿಸುವ ಸೂತ್ರವನ್ನಷ್ಟೇ ನೋಟ್ಸಿಗೆ ಇಳಿಸಿಕೊಂಡೆ. ಒಂದು 2πr, ಇನ್ನೊಂದು πr². ಯಾವುದು ಪರಿಧಿ, ಯಾವುದು ವಿಸ್ತೀರ್ಣ ಎಂದು ಪಕ್ಕದಲ್ಲಿ ಬರೆಯಲಿಲ್ಲ. ನೆನಪಿರುತ್ತೆ ಅಂದುಕೊಂಡೆ.

ಅದೇ ಸಮಯಕ್ಕೆ ಅಪ್ಪ ತೆಂಗಿಗೆ ಡ್ರಿಪ್ ಹಾಕಿಸಲು ಹೊರಟರು. ಹಿರಿಯೂರು, ಹೊಸದುರ್ಗದ ಕಡೆ ಬೇಸಿಗೆಯಲ್ಲಿ ತೆಂಗು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತೇ ಇದೆ. ಪ್ರತಿ ಮರದ ಸುತ್ತ ಮೂರು ಅಡಿ ದೂರದಲ್ಲಿ ಪೈಪನ್ನು ಬಳೆಯ ಹಾಗೆ ಸುತ್ತಬೇಕು. ಇರುವುದು 40 ಮರ.

“ಎಷ್ಟು ಪೈಪು ಬೇಕು, ಲೆಕ್ಕ ಹಾಕವ್ವ. ನೀನು ವೃತ್ತದ ಪಾಠ ಓದ್ತಿದೀಯಲ್ಲ” ಎಂದರು ಅಪ್ಪ.

ನನಗೆ ಹೆಮ್ಮೆಯೋ ಹೆಮ್ಮೆ. ಎರಡು ಸೂತ್ರದಲ್ಲಿ ಯಾವುದು ಎಂದು ಅನುಮಾನ ಬಂತು. ತ್ರಿಜ್ಯ 2 ಎಂದಿಟ್ಟುಕೊಂಡು ಎರಡನ್ನೂ ಮಾಡಿ ನೋಡಿದೆ. ಎರಡಕ್ಕೂ ಬಂದದ್ದು 12.57! ಹಾಗಾದರೆ ಯಾವುದಾದರೂ ಸರಿ ಎಂದು πr² ಹಾಕಿಬಿಟ್ಟೆ. ಒಂದು ಮರಕ್ಕೆ 28.28, 40 ಮರಕ್ಕೆ 1,131 ಅಡಿ. ಅಪ್ಪ ಕೊಬ್ಬರಿ ಮಾರಿದ ದುಡ್ಡು ತೆಗೆದುಕೊಂಡು ಹೊಸದುರ್ಗಕ್ಕೆ ಹೋಗಿ ಸುಮಾರು 345 ಮೀಟರ್ ಪೈಪು ತಂದರು.

ಮರಕ್ಕೆಲ್ಲಾ ಸುತ್ತಿ ಮುಗಿದ ಮೇಲೂ ದೊಡ್ಡ ಸುರುಳಿ ಹಾಗೇ ಉಳಿಯಿತು. ಕತ್ತರಿಸಿದ ಪೈಪನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಅಮ್ಮನಿಗೆ ಸಿಟ್ಟು ಬಂತು. “ಮೊಬೈಲ್ ನೋಡಿ ಕಲ್ತಿದ್ದು ಇದೇನಾ? ನಾಳೆಯಿಂದ ಅದನ್ನ ಮುಟ್ಟಬೇಡ” ಎಂದರು. ಅಪ್ಪ ಬೈಯಲಿಲ್ಲ. “ಒಂದು ಮರಕ್ಕೆ ಹಗ್ಗ ಸುತ್ತಿ ಅಳತೆ ಮಾಡಿದ್ರೆ ಗೊತ್ತಾಗ್ತಿತ್ತಲ್ಲವ್ವ” ಎಂದರು ಅಷ್ಟೆ. ಅದೇ ನನಗೆ ಹೆಚ್ಚು ನೋವಾಯಿತು. ಆ ರಾತ್ರಿ ಊಟ ಸೇರಲಿಲ್ಲ.

ಮೂರು ದಿನ ಮೊಬೈಲ್ ಕೊಡಲಿಲ್ಲ. ನಾಲ್ಕನೇ ದಿನ ಅಪ್ಪನೇ ಕೊಟ್ಟರು. ಈ ಸಲ ವಿಡಿಯೋವನ್ನು ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ನೋಡಿದೆ. ವೃತ್ತವನ್ನು ರೊಟ್ಟಿ ಹರಿದ ಹಾಗೆ 16 ಚೂರು ಮಾಡಿ, ಒಂದನ್ನು ಮೇಲ್ಮುಖ, ಒಂದನ್ನು ಕೆಳಮುಖ ಜೋಡಿಸುತ್ತಾರೆ. ಹೆಚ್ಚು ಕಡಿಮೆ ಆಯತದ ಆಕಾರ ಬರುತ್ತದೆ. ಚೂರು ಸಣ್ಣದಾದಷ್ಟೂ ಆಯತವೇ ಆಗುತ್ತ ಹೋಗುತ್ತದೆ. ಅದರ ಉದ್ದ ಪರಿಧಿಯ ಅರ್ಧ, ಅಂದರೆ πr. ಅಗಲ r. ಗುಣಿಸಿದರೆ πr². ಹಾಗಾದರೆ ಇದು ನೆಲದ ಲೆಕ್ಕ, ಚದರ ಅಡಿಯ ಲೆಕ್ಕ. ಪೈಪಿಗೆ ಬೇಕಾದದ್ದು ಬರೀ ಅಡಿ. 28.28 ಎಂದು ಬರೆದಾಗ ಪಕ್ಕದಲ್ಲಿ ‘ಚದರ ಅಡಿ’ ಎಂದು ಸೇರಿಸಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಪೈಪನ್ನು ಚದರ ಅಡಿಯಲ್ಲಿ ಯಾರು ಕೊಳ್ಳುತ್ತಾರೆ? ತ್ರಿಜ್ಯ 2 ಆದಾಗ ಮಾತ್ರ ಎರಡರ ಅಂಕಿಯೂ ಒಂದೇ ಬರುತ್ತದೆ. ಅಂಕಿ ಒಂದಾದ ಮಾತ್ರಕ್ಕೆ ಅಳತೆ ಒಂದಾಗಲ್ಲ.

ಸರಿಯಾದ ಲೆಕ್ಕ ಮಾಡಿದೆ. ಒಂದು ಮರಕ್ಕೆ 18.86 ಅಡಿ, 40 ಮರಕ್ಕೆ 754. ಉಳಿದದ್ದು 377 ಅಡಿ. ಅದನ್ನು ಭಾಗಿಸಿದರೆ ಸರಿಯಾಗಿ 20 ಮರಕ್ಕೆ ಆಗುತ್ತದೆ! ಓಡಿಹೋಗಿ ಅಪ್ಪನಿಗೆ ಹೇಳಿದೆ. ಈ ಸಲ ಅವರು ನಂಬಲಿಲ್ಲ, ಒಂದು ಮರಕ್ಕೆ ಹಗ್ಗ ಸುತ್ತಿ ನೋಡಿದರು. ಹತ್ತೊಂಬತ್ತು ಅಡಿಗೆ ಚೂರು ಕಡಿಮೆ. “ಸರಿಯಾಗೈತೆ ಕಣವ್ವ” ಎಂದರು. ಈ ಮಳೆಗಾಲದಲ್ಲಿ 11 ತೆಂಗಿನ ಸಸಿ ನೆಟ್ಟಿದ್ದೇವೆ. ಇನ್ನೂ ಒಂಬತ್ತು ಬಾಕಿ. ಉಳಿದ ಪೈಪು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದೆ.

ಸ್ನೇಹಿತರೇ, ನೀವೂ ಮನೆಯಲ್ಲಿ ಒಂದು ಊಟದ ತಟ್ಟೆಗೆ ದಾರ ಸುತ್ತಿ, ಆ ದಾರ ತಟ್ಟೆಯ ಅಗಲದ ಎಷ್ಟು ಪಟ್ಟು ಎಂದು ನೋಡಿ. ಮೂರಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಅದೇ ಪೈ. ವ್ಯಾಸ 20,000 ಆದರೆ ಪರಿಧಿ ಹತ್ತಿರ ಹತ್ತಿರ 62,832 ಎಂದು ಆರ್ಯಭಟ ಕ್ರಿ.ಶ. 499ರಲ್ಲೇ ಹೇಳಿದ್ದಾನೆ, ಅಂದರೆ 3.1416. ದುರ್ಗದ ಕೋಟೆಗೆ ಮತ್ತೆ ಪ್ರವಾಸ ಹೋದರೆ, ಮದ್ದು ಬೀಸುವ ಆ ದೊಡ್ಡ ಕಲ್ಲುಗಳಿಗೆ ಸುತ್ತಲು ನಾನು ದಾರ ತರುತ್ತೇನೆ.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ನಮ್ಮಜ್ಜಿ ಹೇಳುತ್ತಿರುತ್ತಾರೆ. ವಿಡಿಯೋ ನೋಡಿ, ಆದರೆ ನಿಲ್ಲಿಸಿ ನೋಡಿ. ಉತ್ತರ ಬರೆದ ಮೇಲೆ ಮಾನ ಬರೆಯುವುದನ್ನು ಮರೆಯಬೇಡಿ.

– ಹತ್ತನೇ ತರಗತಿಯ ವಿದ್ಯಾರ್ಥಿನಿ