ಮೈಸೂರಿನ ದಾರಿಯಲ್ಲಿ ಬಂದ ಹಾಡು

ಜಾಲ್ಸೂರಿನ ನಮ್ಮ ಮನೆಯ ಮುಂದಣ ರಸ್ತೆಯು ಸಂಪಾಜೆಯ ಘಟ್ಟವನ್ನೇರಿ ಮೈಸೂರಿಗೆ ಹೋಗುತ್ತದೆ. ಆ ದಾರಿಯಿಂದ ಜರ್ಮನ್ ಹಾಡೊಂದು ನನ್ನ ಜಗಲಿಗೆ ಬಂದೀತೆಂದು ನಾನೆಂದೂ ಎಣಿಸಿರಲಿಲ್ಲ.

ಮೂವತ್ತು ವರ್ಷ ಮಕ್ಕಳಿಗೆ ಶಾಕುಂತಲದ ಪಾಠ ಹೇಳಿದವನು ನಾನು. 1791ರಲ್ಲಿ ಅದರ ಜರ್ಮನ್ ಅನುವಾದವು ಪ್ರಕಟವಾದಾಗ ಮಹಾಕವಿ ಗಯಟೆಯು ಓದಿ ಹರ್ಷಗೊಂಡು ಪದ್ಯ ಬರೆದನೆಂದು ಪ್ರತಿವರ್ಷವೂ ಹೆಮ್ಮೆಯಿಂದ ಹೇಳುತ್ತಿದ್ದೆನು. ಅವನು ನಮ್ಮ ಕವಿಯನ್ನು ಓದಿದನು; ಅವನ ಒಂದು ಪದ್ಯವನ್ನಾದರೂ ನಾನು ಓದಿದೆನೇ? ಈ ಪ್ರಶ್ನೆಯು ನನಗೆ ಹೊಳೆಯಲೇ ಇಲ್ಲ. ಮೈಸೂರಿನಲ್ಲಿ ಓದುತ್ತಿದ್ದ ಮಗಳು ಪಿಯಾನೊ ಕಲಿಯಲು ಅಪ್ಪಣೆ ಬೇಡಿದಾಗಲೂ, “ಗಮಕವೇ ಹುಟ್ಟದ ಪೆಟ್ಟಿಗೆ ನಮಗೇಕೆ?” ಎಂದುಬಿಟ್ಟೆನು. ಅವಳು ಮರುಮಾತಾಡಲಿಲ್ಲ, ಮುಂದೆ ನನ್ನೆದುರು ಸಂಗೀತದ ಮಾತನ್ನೇ ಎತ್ತಲಿಲ್ಲ.

ಕಳೆದ ದೀಪಾವಳಿಗೆ ಬಂದವಳು, “ಅಪ್ಪಾ, ಇದು ನಿಮ್ಮ ಗಯಟೆಯ ಪದ್ಯ” ಎಂದು ಹಳೆಯ ಧ್ವನಿಮುದ್ರಣವೊಂದನ್ನು ಕೇಳಿಸಿದಳು. ಮನುಷ್ಯರು ಮಲಗಿದ ನಡುರಾತ್ರಿಯಲ್ಲಿ ಬೆಳದಿಂಗಳಿಗೆ ಹೊರಟು ಹಾಡಿ ಕುಣಿಯುವ ಪುಟ್ಟ ಯಕ್ಷರ ಹಾಡದು. ಯಕ್ಷಗಾನದ ಇರುಳುಗಳನ್ನು ಕಂಡ ನನಗೆ ಆ ಹೊತ್ತು ಅಪರಿಚಿತವೆನಿಸಲಿಲ್ಲ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ನಿಕೊಲಾಯ್ ಮೆಟ್ನರನು ಇಪ್ಪತ್ತರ ಹರೆಯದಲ್ಲಿ ಗಯಟೆಯ ಒಂಬತ್ತು ಪದ್ಯಗಳನ್ನು ಕಂಠಕ್ಕೂ ಪಿಯಾನೊಕ್ಕೂ ಅಳವಡಿಸಿದನು. ಇದು ಅವುಗಳಲ್ಲಿ ಮೂರನೆಯದು. ಇಂತಹ ಗೀತದಲ್ಲಿ ಪಿಯಾನೊ ಬರಿಯ ಶ್ರುತಿಯಲ್ಲ. ಕವಿಯ ಮಾತಿಗೆ ಅದೂ ತನ್ನ ಅರ್ಥವನ್ನು ಹೇಳುತ್ತದೆ.

ವಾಚಕರೆ, ಮುಂದಿನ ಮಾತು ಕೇಳಿ ನಾನು ಬೆರಗಾದೆನು. ಲಂಡನ್ನಿನಲ್ಲಿ ನೆಲಸಿ, ಮುಪ್ಪಿನಲ್ಲಿ ಬಹುಜನರ ನೆನಪಿನಿಂದ ದೂರವಾಗಿದ್ದ ಮೆಟ್ನರನ ಕೃತಿಗಳನ್ನು ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಧನವಿತ್ತವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು! ಅವನು ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೆ ಅರ್ಪಿಸಿದನು. 1950ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಅವನ ಗೀತಗಳನ್ನು ಹಾಡಿದಾಗ ಪಿಯಾನೊ ನುಡಿಸಿದವನು ಅವನೇ, ಮರುವರ್ಷ ತೀರಿಕೊಂಡನು.

ಅದೇ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದವರು. ಒಂದನ್ನು ಪ್ರೀತಿಸಲು ಇನ್ನೊಂದನ್ನು ತಳ್ಳುವ ಅಗತ್ಯ ಅವರಿಗೆ ಬೀಳಲಿಲ್ಲ. ನಾನು ಮಾತ್ರ ನಮ್ಮದನ್ನು ಕಾಯುವ ನೆವದಿಂದ ಮಗಳ ಬಾಯಿ ಮುಚ್ಚಿಸಿದ್ದೆನು.

ಹಾಡು ಮುಗಿಯಿತು. “ಇನ್ನೊಮ್ಮೆ ಹಾಕು, ಮಗಳೇ” ಎಂದೆನು. ಬಳಿಕ ಸಂಕೋಚದಿಂದಲೇ ಕೇಳಿದೆನು: “ಆ ವಾದ್ಯವನ್ನು ಈಗ ಕಲಿಯಬಾರದೇ?”

ಅವಳು ತಲೆ ತಗ್ಗಿಸಿ ನಕ್ಕಳು. “ಕಲಿಯುತ್ತಿದ್ದೇನೆ, ಅಪ್ಪಾ. ಮೂರು ವರ್ಷವಾಯಿತು.”