ಕಿವಿಯೂ ಮಾಪಕವೂ

ಮಿರಜಿನಲ್ಲಿ ಸ್ವರಕ್ಕೆ ಕೊರತೆಯಿಲ್ಲ. ಸಿತಾರ, ತಂಬೂರಿಗಳನ್ನು ಮಾಡುವವರ ಓಣಿಯಲ್ಲಿ ಹಾದುಹೋಗುವಾಗ ಯಾವುದಾದರೊಂದು ಅಂಗಡಿಯಿಂದ ಷಡ್ಜವು ಕೇಳಿಬಂದೇ ಬರುವುದು. ಅಂಥ ಊರಿನಲ್ಲಿ ನಾವು ಕಳೆದ ಬೇಸಗೆಯ ನಾಲ್ಕು ಭಾನುವಾರಗಳನ್ನು ಒಂದು ಮೋಟಾರು ಗ್ಯಾರೇಜಿನ ಬೆಂಚಿನ ಮೇಲೆ ಕುಳಿತು, ಎಂಜಿನ್ನಿನ ಸ್ವರ ಕೇಳುತ್ತ ಕಳೆದೆವೆಂದರೆ ವಾಚಕರು ನಕ್ಕಾರು. ನಗಲಿ, ಆದರೆ ಕಾರಣವನ್ನು ಕೇಳಿ ನಗಲಿ.

ಸಾಂಗಲಿಯಲ್ಲಿರುವ ನಮ್ಮ ಸೋದರಳಿಯನು ಹಳೆಯದೊಂದು ಟರ್ಬೋ ಪೆಟ್ರೋಲ್ ಕಾರನ್ನು ಕೊಂಡನು. ಎಂಜಿನ್ನು ಹೊರಗೆ ಚೆಲ್ಲುವ ಹೊಗೆಯ ರಭಸದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಮೇಲಿರುವ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಯುಕ್ತಿಯೇ ಟರ್ಬೋ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿಯು 1905ರಲ್ಲಿಯೇ ಇದಕ್ಕೆ ಹಕ್ಕುಪತ್ರ ಪಡೆದಿದ್ದನು. ಬೀಸಾಟವಾಗುತ್ತಿದ್ದ ಶಕ್ತಿಯನ್ನು ದುಡಿಸಿಕೊಳ್ಳುವ ಈ ಜಾಣತನವನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ಹೊಗಳಿದ್ದುಂಟು. ಆದುದರಿಂದಲೇ ಅಕ್ಕನು ಬೇಡವೆಂದಾಗ, “ಕೊಳ್ಳಲಿ ಬಿಡು” ಎಂದವರು ನಾವು.

ಅಳಿಯನಿಗೆ ಕಾರ್ಖಾನೆಯವರು ಇಟ್ಟ ಒತ್ತಡ ಸಾಲಲಿಲ್ಲ. ದೂರದ ನಗರದ ಒಂದು ಅಂಗಡಿಯಲ್ಲಿ ಎಂಜಿನ್ನಿನ ಗಣಕದ ಲೆಕ್ಕವನ್ನೇ ಬದಲಿಸಿ ಒತ್ತಡವನ್ನು ಏರಿಸಿಕೊಂಡು ಬಂದನು. ಮೂರು ವಾರ ಕಾರು ಕುದುರೆಯಾಯಿತು. ನಾಲ್ಕನೆಯ ವಾರ ರತ್ನಾಗಿರಿಯಿಂದ ಹಿಂದಿರುಗುವಾಗ ಅಂಬಾ ಘಾಟಿನ ಏರಿನಲ್ಲಿ ನೀಲಿ ಹೊಗೆ ಕಾರಿ ನಿಂತಿತು. ಬಿಚ್ಚಿ ನೋಡಿದರೆ ಎರಡನೆಯ ಪಿಸ್ಟನ್ನಿನಲ್ಲಿ ರಿಂಗು ಕೂರುವ ತೋಡಿನ ಅಂಚು ಮುರಿದಿತ್ತು. ತಂಗಿಯ ಮದುವೆಗೆಂದು ಕೂಡಿಟ್ಟಿದ್ದ ಹಣದಲ್ಲಿ ದೊಡ್ಡ ಪಾಲು ಎಂಜಿನ್ನಿನ ಹೊಟ್ಟೆಗೆ ಹೋಯಿತು. ಅಕ್ಕನು ಮಗನಿಗಿಂತ ನಮ್ಮೊಡನೆಯೇ ಹೆಚ್ಚು ದಿನ ಮಾತು ಬಿಟ್ಟಳು.

ಎಂಜಿನ್ನು ಮತ್ತೆ ಕಟ್ಟಿದ ಮೇಲೆ ಅಳಿಯನು, “ಮಾಮಾ, ಈ ಸಲ ಮೊದಲು ಮಾಪಕ ಹಾಕಿಸೂಣು. ಆದರ ರೊಕ್ಕ ಎರಡಕ್ಕಷ್ಟs ಐತಿ. ಯಾವ ಎರಡು?” ಎಂದನು. ಭೌತಶಾಸ್ತ್ರ ಕಲಿಸಿದವರಿಗೆ ಇದಕ್ಕಿಂತ ಕಠಿಣವಾದ ಪ್ರಶ್ನಪತ್ರಿಕೆ ಬರಲಾರದು.

ಅಂಗೈಯಲ್ಲಿನ ಫೋನಿಗೆ ಕಾರಿನ ಗಣಕವೇ ಎಲ್ಲವನ್ನೂ ಹೇಳುವುದಲ್ಲ, ಅಗ್ಗದ ಒಂದು ಕೊಂಡಿ ಸಾಕೆಂದು ಅವನ ಗೆಳೆಯರು ಸಲಹೆ ಕೊಟ್ಟಿದ್ದರು. ಲೆಕ್ಕ ಮಾಡಿ ನೋಡಿದೆವು. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನು ಸೆಕೆಂಡಿಗೆ 100 ಸುತ್ತು ತಿರುಗುವುದು. ಎರಡು ಸುತ್ತಿಗೊಮ್ಮೆ ಉರಿಯುವ ನಾಲ್ಕು ಸಿಲಿಂಡರುಗಳಿಂದ ಸೆಕೆಂಡಿಗೆ 200 ಉರಿಗಳು. ಆ ಕೊಂಡಿಯಾದರೋ ಸೆಕೆಂಡಿಗೆ ನಾಲ್ಕಾರು ಸಂಖ್ಯೆಗಳನ್ನು ತಂದರೆ ಹೆಚ್ಚು. ಐದು ಸಂಗತಿಗಳನ್ನು ಒಟ್ಟಿಗೆ ಕೇಳಿದರೆ ಒಂದೊಂದರ ಪಾಲಿಗೆ ಒಂದು. ನೀರಿನ ಕಾವು ನೋಡಲು ಅದು ಸಾಕು. ಪಿಸ್ಟನ್ ಮುರಿಯುವ ಗಳಿಗೆಯು ಅದರ ಎರಡು ಓದುಗಳ ನಡುವೆ ಸದ್ದಿಲ್ಲದೆ ದಾಟಿಹೋಗುವುದು.

ಕಾರಿನಲ್ಲಿ ಮೊದಲೇ ಇದ್ದ ಆಮ್ಲಜನಕದ ಸಂವೇದಕವು ಹಳೆಯ ಬಗೆಯದು. ಬಾಷ್ ಕಂಪನಿಯು 1976ರಲ್ಲಿ ವೋಲ್ವೋ ಕಾರುಗಳಿಗೆ ಕೊಟ್ಟುದರ ವಂಶದ್ದೇ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ಸಮತೋಲದ ಗೆರೆಯಲ್ಲಿ ಅದರ ವಿದ್ಯುತ್ತು ಸುಮಾರು 0.1 ವೋಲ್ಟಿನಿಂದ 0.9ಕ್ಕೆ ಥಟ್ಟನೆ ಹಾರುವುದು. ಗೆರೆಯ ಈಚೆಯೋ ಆಚೆಯೋ ಎಂಬುದಷ್ಟೇ ಅದಕ್ಕೆ ಗೊತ್ತು. ಎಷ್ಟು ಆಚೆ ಎಂದು ಕೇಳಿದರೆ ಮೌನ. ಟರ್ಬೋ ಒತ್ತುವಾಗ ಬೇಕಾದುದು ಆ ‘ಎಷ್ಟು’ ಎಂಬುದೇ. ಉರಿಯನ್ನು ತಣಿಸಲು ಆಗ ಪೆಟ್ರೋಲು ಹೆಚ್ಚಾಗಿ ಬೀಳಬೇಕು, 14.7ರ ಬದಲು 11.5ರಿಂದ 12.5ರ ಒಳಗೆ ಗಾಳಿ ಇರಬೇಕು. ಅದನ್ನು ಅಳೆಯಲು ವೈಡ್‌ಬ್ಯಾಂಡ್ ಎಂಬ ಬೇರೆ ಸಂವೇದಕವುಂಟು. ಮೊದಲನೆಯ ಆಯ್ಕೆ ಅದೇ ಎಂದು ನಿಶ್ಚಯಿಸಿದೆವು.

ಇದರಲ್ಲಿಯೂ ಒಂದು ತೊಡಕು ನಮ್ಮ ಕಬ್ಬಿನ ಸೀಮೆಯಿಂದಲೇ ಬಂದಿತು. ಈಗ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಬೆರೆತಿರುವುದು. ಅದರ ಸಮತೋಲವು 14.7 ಅಲ್ಲ, 13.5ರ ಆಸುಪಾಸು. ಮಾಪಕದ ಮುಖದ ಮೇಲಿನ ಅಂಕಿಯನ್ನು ನಂಬಿದರೆ ಮೋಸ. ಆದುದರಿಂದ ಲ್ಯಾಂಬ್ಡಾ ಎಂಬ ಮಾನದಲ್ಲಿ ಓದಬೇಕು. ಇಂಧನ ಯಾವುದೇ ಇರಲಿ, ಸಮತೋಲಕ್ಕೆ 1; ಒತ್ತಡದಲ್ಲಿ 0.8ರ ಹತ್ತಿರ. ಹೊಗೆಕೊಳವೆಯಲ್ಲಿ ಸಂವೇದಕದ ಹಿಂದೆ ಕೂದಲೆಳೆಯ ಬಿರುಕಿದ್ದರೂ ಹೊರಗಿನ ಗಾಳಿ ನುಗ್ಗಿ, ಪೆಟ್ರೋಲು ಸಾಲದೆಂದು ಸುಳ್ಳು ಸಾಕ್ಷಿ ನುಡಿಯುವುದೆಂಬುದನ್ನು ಮಿಸ್ತ್ರಿಯು ಸಾಬೂನಿನ ನೀರು ಬಳಿದು ತೋರಿಸಿಕೊಟ್ಟನು.

ಆ ಮಿಸ್ತ್ರಿಯ ವಿಷಯ ಹೇಳಲೇಬೇಕು. ಜತ್ತಿನ ಕಡೆಯವನು; ಮನೆಮಾತು ಕನ್ನಡ. ಡಾ. ವಾನ್ಲೆಸ್ ಅವರು 1894ರಲ್ಲಿ ಮಿಶನ್ ಆಸ್ಪತ್ರೆ ಕಟ್ಟಿದ ಲಾಗಾಯ್ತು ಮಿರಜು ವೈದ್ಯರ ಊರಷ್ಟೆ. ಅವರ ಸ್ಟೆತಾಸ್ಕೋಪ್ ಒಂದನ್ನು ತಂದು, ಕಿವಿಗೆ ಸಿಕ್ಕಿಸಿ, ಇನ್ನೊಂದು ತುದಿಗೆ ತಾಮ್ರದ ಕೊಳವೆ ಜೋಡಿಸಿ ಎಂಜಿನ್ನಿನ ಮೈಗೆ ಬಿಗಿದಿದ್ದನು. “ಮಾಸ್ತರ, ಮಸೀನ ಮಾತಾಡತೈತ್ರಿ. ಕೇಳಾವ್ರು ಬೇಕು” ಎಂದನು. ಅವನು ಕೇಳುತ್ತಿದ್ದುದು ನಾಕಿಂಗ್ ಎಂಬ ಪೆಟ್ಟು: ಕಿಡಿಯ ಜ್ವಾಲೆ ತಲಪುವ ಮೊದಲೇ ಮೂಲೆಯ ಅನಿಲವು ತಾನಾಗಿ ಸಿಡಿಯುವುದು. ಪಿಸ್ಟನ್ನನ್ನು ಮುರಿದುದೂ ಅದೇ. ಸಿಲಿಂಡರಿನ ಅಡ್ಡಳತೆ 80 ಮಿಲಿಮೀಟರ್ ಇದ್ದರೆ ಆ ಪೆಟ್ಟಿನ ಕಂಪನ ಸೆಕೆಂಡಿಗೆ ಸುಮಾರು 7000. ತಂಬೂರಿಯ ಷಡ್ಜವನ್ನು ಗುರುತಿಸುವಂತೆ ಅದನ್ನೂ ಗುರುತಿಸಬಹುದು. ನಾವೂ ಒಮ್ಮೆ ಕೊಳವೆಯನ್ನು ಕಿವಿಗೆ ಹಚ್ಚಿಕೊಂಡೆವು. ಕವಾಟಗಳ ಗಲಗಲವಲ್ಲದೆ ಬೇರೇನೂ ತಿಳಿಯಲಿಲ್ಲ. ಅರುವತ್ತು ದಾಟಿದ ಕಿವಿಯ ಕಥೆ ಅಷ್ಟೆ.

ಆಗ ನೆನಪಾದವರು ಕೃಷ್ಣಾಜಿ ಬಲ್ಲಾಳ ದೇವಲರು. ಸಾಂಗಲಿಯ ಈ ನಿವೃತ್ತ ಡೆಪ್ಯುಟಿ ಕಲೆಕ್ಟರರು ಹಿಂದೂಸ್ತಾನಿ ಸಂಗೀತದ ಇಪ್ಪತ್ತೆರಡು ಶ್ರುತಿಗಳನ್ನು ತಂತಿಯ ಉದ್ದದಿಂದ ಅಳೆದು 1910ರಲ್ಲಿ ಪುಸ್ತಕ ಬರೆದರು. ಅವರಿಗೆ ಸ್ವರ ತೋರಿಸಿಕೊಟ್ಟವರು ಮಿರಜಿನ ಅಬ್ದುಲ್ ಕರೀಂ ಖಾನರು, ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. ಕಲೆಕ್ಟರರ ಅಳತೆಗೋಲಿಗೆ ಖಾನ್ ಸಾಹೇಬರ ಕಂಠವೇ ಆಧಾರವಾಗಿತ್ತು. ಗ್ಯಾರೇಜಿನಲ್ಲಿಯೂ ಹಾಗೆಯೇ ನಡೆಯಬೇಕೆಂದು ನಮಗೆ ತೋರಿತು: ಪೆಟ್ಟನ್ನು ಮಿಸ್ತ್ರಿಯ ಕಿವಿ ಹೇಳಲಿ, ಅದು ಯಾವ ಒತ್ತಡದಲ್ಲಿ ಬಂದಿತೆಂದು ಮಾಪಕ ಹೇಳಲಿ.

ಹೀಗೆ ಎರಡನೆಯದು ಒತ್ತಡದ ಮಾಪಕವಾಯಿತು. ಅಳಿಯನಿಗೆ ಸೂಜಿ ಹೊರಳುವ ಮಿಣುಕುದೀಪದ ಮಾಪಕದ ಮೇಲೆ ಮನಸ್ಸು. ನಾವು ಬರೆದಿಟ್ಟುಕೊಳ್ಳುವ ಮಾಪಕಕ್ಕೇ ಹಟ ಹಿಡಿದೆವು. ಗಂಟೆಗೆ ಎಂಬತ್ತು ಕಿಲೋಮೀಟರ್ ಓಡಿಸುವವನು ದಾರಿಯನ್ನು ನೋಡಬೇಕೇ ಹೊರತು ಸೂಜಿಯನ್ನಲ್ಲ. ಅದು ನಿಜ ಹೇಳುವುದೇ ಎಂದು ಪರೀಕ್ಷಿಸಲು ಸುಲಭೋಪಾಯವುಂಟು. ಸಂಪೂರ್ಣ ಒತ್ತಡ ತೋರುವ ಮಾಪಕವು, ಎಂಜಿನ್ನು ಚಾಲೂ ಮಾಡುವ ಮುನ್ನ ಊರಿನ ಗಾಳಿಯ ಒತ್ತಡವನ್ನೇ ತೋರಬೇಕು: ಸಮುದ್ರದಂಡೆಯ ರತ್ನಾಗಿರಿಯಲ್ಲಿ 101 ಕಿಲೋಪಾಸ್ಕಲ್, ಸುಮಾರು 550 ಮೀಟರ್ ಎತ್ತರದ ಮಿರಜಿನಲ್ಲಿ 95. ನಮ್ಮದು 95 ತೋರಿಸಿತು. ನಮಗಾದ ಹಿಗ್ಗನ್ನು ಕಂಡು ಮಿಸ್ತ್ರಿಯು ಚಹ ತರಿಸಿದನು.

ಹೊಗೆಯ ಕಾವಿನ ಮಾಪಕವನ್ನು ಬಿಟ್ಟೆವು. ಡೀಸೆಲ್ ಗಾಡಿಗಾದರೆ ಅದೇ ಮೊದಲು. ಪೆಟ್ರೋಲಿನಲ್ಲಿ ಅದು ಮಂದಗಾಮಿ, ಒಂದು ಏಟಿನ ಸುದ್ದಿಯನ್ನು ಹೊತ್ತು ತರಲಾರದು. ಒಳಬರುವ ಗಾಳಿಯ ಕಾವನ್ನು ಮಾತ್ರ ಆ ಅಗ್ಗದ ಕೊಂಡಿಯಿಂದಲೇ ಓದಬಹುದಾಗಿತ್ತು. 35 ಡಿಗ್ರಿಯ ಗಾಳಿಯನ್ನು ಇಮ್ಮಡಿ ಒತ್ತಡಕ್ಕೆ ಒತ್ತಿದರೆ ಅದು 130ರ ಹತ್ತಿರ ಕಾಯುವುದು. ತಣಿಸುವ ಜಾಲರಿ ಎಷ್ಟು ಇಳಿಸಿತೆಂದು ತಿಳಿಯದೆ ಒತ್ತಡ ಏರಿಸುವುದು ಹುಚ್ಚು.

ನಾಲ್ಕನೆಯ ಭಾನುವಾರ ಡೈನಮೋಮೀಟರಿನ ಉರುಳೆಗಳ ಮೇಲೆ ಕಾರನ್ನು ಓಡಿಸಿದರು. ಸಾರ್ವಜನಿಕ ರಸ್ತೆಯಲ್ಲಿ ಬೇಡವೆಂಬುದು ಅಕ್ಕನ ಕರಾರು, ನಮ್ಮದೂ. ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಏರಿಸಿದಂತೆ ಲ್ಯಾಂಬ್ಡಾ 0.81, 0.80. ಮೂರನೆಯ ಏರಿಕೆಯಲ್ಲಿ 0.86ಕ್ಕೆ ಜಾರಿತು. ಅದೇ ಗಳಿಗೆಗೆ ಮಿಸ್ತ್ರಿಯು ಕೊಳವೆ ಕಿತ್ತು ಕೈಯೆತ್ತಿದನು. ಪೆಟ್ರೋಲು ತಳ್ಳುವ ಪಂಪು ಸೋಲುತ್ತಿತ್ತು. ಘಾಟಿನಲ್ಲಿಯೂ ಅದೇ ಸೋತಿರಬೇಕು.

“ಮಾಮಾ, ಪಂಪ್ ಬದಲ ಮಾಡಿದರ?” ಎಂದು ಅಳಿಯನು ಮೆಲ್ಲಗೆ ಕೇಳಿದನು.

“ನಿಮ್ಮವ್ವನ್ನ ಕೇಳು” ಎಂದೆವು.

ಮಿಸ್ತ್ರಿಯು ಆ ಸಂಜೆ ಕಾರ್ಖಾನೆಯ ಒತ್ತಡವನ್ನೇ ಮರಳಿ ಇಟ್ಟುಕೊಟ್ಟನು. ಮಾಪಕಗಳೆರಡೂ ಇನ್ನೂ ಕಾರಿನಲ್ಲಿವೆ. ವಾರಕ್ಕೊಮ್ಮೆ ಅವುಗಳ ದಾಖಲೆ ನಮ್ಮ ಕೈಗೆ ಬರುತ್ತಿದೆ.