ಒಂದು ದಿನ ತಡವಾದ ಹಬ್ಬ

ಪಂಚಾಂಗವು ದೀಪಾವಳಿಗೆ ಯಾವ ದಿನವನ್ನು ಗೊತ್ತುಪಡಿಸಿದ್ದರೂ ನಮ್ಮ ಮನೆಗೆ ಆ ಹಬ್ಬವು ಮಾರನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಬರುತ್ತಿತ್ತು. ಇದರಲ್ಲಿ ಪಂಚಾಂಗದ ತಪ್ಪೇನೂ ಇರಲಿಲ್ಲ. ಹಿಂದಿನ ರಾತ್ರಿ ಟಿ.ವಿ.ಯಲ್ಲಿ ಬಂದ ಕನ್ನಡ ಧಾರಾವಾಹಿಯ ಹಬ್ಬದ ಕಂತು ಮರುಪ್ರಸಾರವಾಗುವ ವೇಳೆ ಅದಾಗಿತ್ತು. ಈ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದು ಕಳುಹಿಸಬೇಕೆಂದು ಗುರುಗಳು ಹೇಳಿಕಳುಹಿಸಿದಾಗ, ಘನವಾದ ವಿಷಯಗಳು ಹಲವು ಮನಸ್ಸಿನಲ್ಲಿ ಸುಳಿದುಹೋದವು. ಕಡೆಗೆ ನಿಂತದ್ದು ಮಾತ್ರ ಆ ಮಧ್ಯಾಹ್ನದ ಎರಡು ಗಂಟೆ.

ಆಗ ನಾವು ಡೊಂಬಿವಲಿಯ ಒಂದು ಚಾಳಿನಲ್ಲಿ ವಾಸವಾಗಿದ್ದೆವು. ಒಂದೇ ಕೋಣೆ, ಅದರ ಮೂಲೆಯಲ್ಲಿ ಅಡುಗೆಯ ಕಟ್ಟೆ, ಹೊರಗೆ ಎಲ್ಲರಿಗೂ ಸೇರಿದ ಉದ್ದನೆಯ ಜಗಲಿ. ಮಕ್ಕಳು ನಾವು ಮೂವರು. ಅಪ್ಪಯ್ಯ ದಾದರಿನ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕುಳಿತುಕೊಳ್ಳುವವರು. ನಸುಕಿನ ಗಾಡಿಗೆ ಹೋಗಬೇಕಾದ ಅವರಿಗೆ ರಾತ್ರಿ ಒಂಬತ್ತಕ್ಕೆಲ್ಲ ನಿದ್ರೆ ಬೇಕು. ಒಂದೇ ಕೋಣೆಯಲ್ಲಿ ಒಬ್ಬರು ಮಲಗಿದರೆಂದರೆ ಮನೆಯೇ ಮಲಗಿದಂತೆ. ಆದುದರಿಂದ ರಾತ್ರಿಯ ಧಾರಾವಾಹಿಗಳು ನಮ್ಮ ಪಾಲಿಗೆ ಇರಲಿಲ್ಲ. ಮಧ್ಯಾಹ್ನದ ಮರುಪ್ರಸಾರವೇ ನಮ್ಮ ಅಮ್ಮನ ಸಂಪತ್ತು. ಹಬ್ಬದ ದಿನಗಳಲ್ಲಿ ಹೋಟೆಲಿಗೆ ಗಿರಾಕಿಗಳು ಹೆಚ್ಚು, ಕೆಲಸದವರು ಕಡಮೆ. ಅಪ್ಪಯ್ಯನಿಗೆ ರಜೆ ದೊರೆಯುತ್ತಿದ್ದುದು ಹಬ್ಬ ಮುಗಿದ ಮಾರನೆಯ ದಿನ. ಹೀಗೆ ಮನೆಯ ಯಜಮಾನರೂ ಟಿ.ವಿ.ಯ ಹಬ್ಬವೂ ಒಂದೇ ದಿನ ಮನೆಗೆ ಬರುತ್ತಿದ್ದರು. ಅಮ್ಮ ಕಡುಬನ್ನು ಬೇಯಿಸುತ್ತಿದ್ದುದೂ ಅಂದೇ.

ಈ ಧಾರಾವಾಹಿಗಳ ಕುಲಗೋತ್ರವನ್ನು ಸ್ವಲ್ಪ ವಿಚಾರಿಸುವುದು ಅಪ್ರಸ್ತುತವಾಗಲಾರದು. 1930ರ ದಶಕದಲ್ಲಿ ಅಮೆರಿಕದ ರೇಡಿಯೋದಲ್ಲಿ ಹಗಲು ಹೊತ್ತು ಕುಟುಂಬದ ಕಥೆಗಳನ್ನು ಕಂತುಕಂತಾಗಿ ಪ್ರಸಾರ ಮಾಡುತ್ತಿದ್ದರು. ಆ ಹೊತ್ತಿನಲ್ಲಿ ಮನೆಯಲ್ಲಿದ್ದು ಕೇಳುವವರು ಗೃಹಿಣಿಯರು. ಅವರಿಗೆ ಬೇಕಾದ ವಸ್ತು ಸಾಬೂನು. ಸಾಬೂನಿನ ಕಂಪನಿಗಳೇ ಹಣ ಕೊಟ್ಟು ಆ ಕಥೆಗಳನ್ನು ನಡೆಸುತ್ತಿದ್ದುದರಿಂದ ಅವಕ್ಕೆ ‘ಸೋಪ್ ಆಪೆರಾ’ ಎಂಬ ಹಾಸ್ಯದ ಹೆಸರು ಬಿತ್ತು. 1937ರಲ್ಲಿ ರೇಡಿಯೋದಲ್ಲಿ ಆರಂಭವಾದ ‘ಗೈಡಿಂಗ್ ಲೈಟ್’ ಎಂಬ ಕಥೆ 1952ರಲ್ಲಿ ಟಿ.ವಿ.ಗೆ ಬಂದು 2009ರವರೆಗೆ ನಡೆಯಿತಂತೆ. ಎಪ್ಪತ್ತೆರಡು ವರ್ಷ! ಅಜ್ಜಿ ಕೇಳಲಾರಂಭಿಸಿದ ಕಥೆಯ ಕೊನೆಯನ್ನು ಮೊಮ್ಮಗಳು ನೋಡಿದಳೆಂದರೆ ಅದನ್ನು ಕಥೆಯೆನ್ನುವುದಕ್ಕಿಂತ ನೆರೆಮನೆಯೆನ್ನುವುದೇ ಸರಿ.

ನಮ್ಮ ದೇಶದಲ್ಲಿ 1984ರ ಜುಲೈ 7ರಂದು ಆರಂಭವಾದ ‘ಹಮ್ ಲೋಗ್’ ಈ ಬೆಳೆಗೆ ಮೊದಲ ಬಿತ್ತನೆ. ಅದರ ಪ್ರತಿ ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ಬಂದು ಮನೆಯ ಹಿರಿಯನಂತೆ ನಾಲ್ಕು ಮಾತನಾಡಿ ಹೋಗುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. 1994ರಲ್ಲಿ ‘ಶಾಂತಿ’ ಬಂದ ಮೇಲೆ ಮಧ್ಯಾಹ್ನವೆಂಬುದು ಧಾರಾವಾಹಿಯ ಹೊತ್ತಾಯಿತು. ಆ ದಶಕ ಮುಗಿಯುವ ಮೊದಲೇ ಮರಾಠಿಯಲ್ಲಿ ‘ದಾಮಿನಿ’ ಬಂತು. ಕನ್ನಡದಲ್ಲಿ 1998ರಲ್ಲಿ ಟಿ.ಎನ್. ಸೀತಾರಾಮ್ ಮತ್ತು ಅವರ ಜೊತೆಗಾರರ ‘ಮಾಯಾಮೃಗ’ ಮನೆಮಾತಾಯಿತು. 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಆರಂಭವಾದ ಬಳಿಕ ‘ಮೂಡಲಮನೆ’ಯಂತಹ ತುಂಬಿದ ಮನೆಗಳ ಕಥೆಗಳು ಬಂದವು. ನಮ್ಮ ಚಾಳಿಗೆ ಕನ್ನಡದ ವಾಹಿನಿಗಳನ್ನು ತಂದುಕೊಟ್ಟವನು ಕೇಬಲಿನವನು. ಅವನು ಅವುಗಳನ್ನು ಎಲ್ಲಕ್ಕಿಂತ ಕೊನೆಯ ಸಂಖ್ಯೆಗಳಲ್ಲಿ ಇರಿಸಿದ್ದನು. ಅಲ್ಲಿ ಚಿತ್ರದ ಮೇಲೆ ಸದಾ ತುಂತುರು ಮಳೆ. ಆದರೂ ಅಮ್ಮ ಅವನಿಗೆ ತಿಂಗಳ ಹಣವನ್ನು ತಪ್ಪದೆ ಕೊಡುತ್ತಿದ್ದಳು.

ಮಧ್ಯಾಹ್ನವಾಯಿತೆಂದರೆ ನಮ್ಮ ಕೋಣೆ ತುಂಬುತ್ತಿತ್ತು. ಎಡಮನೆಯ ಮಾವಶಿ ಅಕ್ಕಿಯ ಮೊರವನ್ನು ಹಿಡಿದುಕೊಂಡೇ ಬರುತ್ತಿದ್ದರು. ಅವರಿಗೆ ಕನ್ನಡ ಬಾರದು. ಆದರೆ ಅತ್ತೆಸೊಸೆಯರ ಜಗಳಕ್ಕೆ ಭಾಷಾಂತರ ಬೇಕೆಂದು ಅವರು ಎಂದೂ ಹೇಳಲಿಲ್ಲ. ಮೇಲಿನ ಮಾಳಿಗೆಯ ಧಾರವಾಡದ ಅಕ್ಕನವರು ಬಾಗಿಲ ಬಳಿಯಲ್ಲೇ ಕುಳಿತು, ಕೆಟ್ಟವಳ ಪಾತ್ರಕ್ಕೆ ತಮ್ಮ ಊರಿನ ಭಾಷೆಯಲ್ಲಿ ಯಥೇಚ್ಛವಾಗಿ ಬೈಯುತ್ತಿದ್ದರು. ನಾವು ಶಾಲೆಯಲ್ಲಿ ಪುಸ್ತಕದ ಕನ್ನಡವನ್ನು ಕಲಿತೆವು, ಮನೆಯಲ್ಲಿ ಕುಂದಾಪುರದ ಕನ್ನಡವನ್ನು ಕಲಿತೆವು. ಮೈಸೂರಿನ ಕನ್ನಡವನ್ನು ಟಿ.ವಿ.ಯಿಂದಲೂ ಧಾರವಾಡದ ಕನ್ನಡವನ್ನು ಆ ಅಕ್ಕನವರಿಂದಲೂ ಕಲಿತೆವು. ಮಹಾರಾಷ್ಟ್ರದ ಚಾಳಿನಲ್ಲಿ ಬೆಳೆದ ಮಕ್ಕಳಿಗೆ ಇದಕ್ಕಿಂತ ಸುಲಭವಾದ ಕರ್ನಾಟಕ ಪ್ರವಾಸ ದೊರೆಯುವಂತಿರಲಿಲ್ಲ.

ಉಳಿದ ದಿನಗಳ ಕಂತುಗಳು ಒಂದು ತೂಕವಾದರೆ ಹಬ್ಬದ ಕಂತೇ ಇನ್ನೊಂದು ತೂಕ. ಆ ದಿನ ಧಾರಾವಾಹಿಯ ಮನೆಯಲ್ಲಿ ಎಲ್ಲರೂ ಇರಲೇಬೇಕು. ಕೋರ್ಟಿನಲ್ಲಿ ದಾವೆ ಹೂಡಿಕೊಂಡ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕುಳಿತಿರುತ್ತಿದ್ದರು. ವಿಷ ಬೆರೆಸಲು ಹೊಂಚುಹಾಕಿದ್ದ ನಾದಿನಿಯೂ ಅಂದೊಂದು ದಿನ ರಂಗೋಲಿ ಹಾಕುತ್ತಿದ್ದಳು. ಅಡುಗೆಯವಳು ಕೂಡ ರೇಷ್ಮೆ ಸೀರೆಯನ್ನುಟ್ಟಿರುವಳು. ನೂರು ದೀಪಗಳು ಉರಿದರೂ ಒಂದು ಹನಿ ಎಣ್ಣೆ ನೆಲಕ್ಕೆ ಬೀಳದು. ಐವತ್ತು ಜನ ಉಂಡರೂ ತೊಳೆಯಬೇಕಾದ ಪಾತ್ರೆ ಒಂದೂ ಕಾಣದು. ಇಷ್ಟಾಗಿ ಮನೆಯ ಹಿರಿಯರು ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆದು ಯಾರೋ ಬರಬೇಕು. ಬಂದವರನ್ನು ನೋಡಿ ಒಬ್ಬೊಬ್ಬರೂ ಮೂರು ಮೂರು ಸಲ ಬೆರಗಾಗಬೇಕು. ಅಲ್ಲಿಗೆ ಕಂತು ಮುಗಿಯಬೇಕು.

ಒಮ್ಮೆ ಶಾಲೆಯಲ್ಲಿ ‘ನಮ್ಮ ಮನೆಯ ದೀಪಾವಳಿ’ ಎಂಬ ಪ್ರಬಂಧವನ್ನು ಬರೆಯಲು ಹೇಳಿದರು. ನಾವು ಬರೆದ ಮನೆಯಲ್ಲಿ ತೊಟ್ಟಿಯಿತ್ತು, ಕೆತ್ತನೆಯ ಕಂಬಗಳಿದ್ದುವು, ಹನ್ನೊಂದು ಮಂದಿ ಸೋದರಬಂಧುಗಳಿದ್ದರು, ಉಯ್ಯಾಲೆಯ ಮೇಲೆ ತಾತನವರಿದ್ದರು. ನಮ್ಮ ಚಾಳನ್ನು ಚೆನ್ನಾಗಿ ಬಲ್ಲ ಗುರುಗಳು ಅದನ್ನು ಓದಿ, ಕನ್ನಡಕದ ಮೇಲಿನಿಂದ ನೋಡಿ, “ಈ ಮನೆ ಸ್ಟೇಷನ್ನಿನ ಪೂರ್ವಕ್ಕೋ ಪಶ್ಚಿಮಕ್ಕೋ?” ಎಂದು ಕೇಳಿದರು. ತರಗತಿಯೆಲ್ಲ ನಕ್ಕಿತು. ನಾವು ತಲೆ ತಗ್ಗಿಸಿದೆವು. ಅಂದಿನಿಂದ ನಮಗೆ ಆ ಧಾರಾವಾಹಿಯ ಮೇಲೆ ಒಂದು ಬಗೆಯ ಸಿಟ್ಟು.

ಆ ಸಿಟ್ಟನ್ನು ಅಮ್ಮನ ಮೇಲೆ ತೀರಿಸಿಕೊಂಡೆವೆಂದು ಬರೆಯಲು ಇಂದು ನಾಚಿಕೆಯಾಗುತ್ತದೆ. ಹಬ್ಬದ ಕಂತನ್ನು ನೋಡುವಾಗ ಅಮ್ಮ ಕಥೆಯನ್ನು ನೋಡುತ್ತಿರಲಿಲ್ಲ, ಜನರನ್ನು ಎಣಿಸುತ್ತಿದ್ದಳು. “ಎಲ್ಲರೂ ಬಂದ್ರಾ?” ಎಂದು ಮೆಲ್ಲನೆ ಕೇಳುವಳು. ಪಂಕ್ತಿಯಲ್ಲಿ ಒಬ್ಬರು ಕಡಮೆಯಾದರೂ ಅವಳ ಮುಖ ಕಂದುವುದು. ಎಲ್ಲರೂ ಸೇರಿದರೆ ಸೆರಗಿನಿಂದ ಕಣ್ಣೊರಸಿಕೊಳ್ಳುವಳು. ನಾವು ಅವಳ ದನಿಯನ್ನೇ ಅನುಕರಿಸಿ “ಎಲ್ಲರೂ ಬಂದ್ರಾ?” ಎನ್ನುತ್ತಿದ್ದೆವು. “ಅಮ್ಮಾ, ಅವರೆಲ್ಲ ಸಂಬಳಕ್ಕೆ ಬರುವವರು” ಎಂದು ತಿಳಿವಳಿಕೆ ಹೇಳುತ್ತಿದ್ದೆವು. ಅಮ್ಮ ಸಿಟ್ಟಾಗುತ್ತಿರಲಿಲ್ಲ. “ಗೊತ್ತು” ಎಂದಷ್ಟೇ ಹೇಳುತ್ತಿದ್ದಳು.

2005ರ ಸುಮಾರಿನಲ್ಲಿ ನಮ್ಮ ಕಡೆ ವಿದ್ಯುತ್ತಿನ ಅಭಾವ ಬಹಳವಾಗಿತ್ತು. ಮುಂಬಯಿ ನಗರ ಬೆಳಗುತ್ತಿದ್ದರೂ ಡೊಂಬಿವಲಿ ಕಲ್ಯಾಣಗಳಲ್ಲಿ ದಿನಕ್ಕೆ ಹಲವು ಗಂಟೆ ಕರೆಂಟು ಇರುತ್ತಿರಲಿಲ್ಲ. ಆ ಕಾಲದ ಒಂದು ದೀಪಾವಳಿಯ ಮಾರನೆಯ ದಿನ. ಅಪ್ಪಯ್ಯ ಮನೆಯಲ್ಲಿದ್ದರು. ಮಾವಶಿಯೂ ಅಕ್ಕನವರೂ ಬಂದಿದ್ದರು. ಧಾರಾವಾಹಿಯಲ್ಲಿ ಹತ್ತು ವರ್ಷಗಳ ಹಿಂದೆ ಮನೆ ಬಿಟ್ಟುಹೋದ ಹಿರಿಯ ಮಗನಿಗಾಗಿ ತಾಯಿ ಒಂದು ಎಲೆಯನ್ನು ಹಾಕಿಸಿದ್ದಳು. ಹೊರಗೆ ಹೆಜ್ಜೆಯ ಸದ್ದಾಯಿತು. ಬಾಗಿಲು ಅರ್ಧ ತೆರೆಯಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಫ್ಯಾನು ನಿಂತು ಕೋಣೆಯಲ್ಲಿ ಸೆಕೆಯೇರಿತು. ಅಕ್ಕನವರು ತಮ್ಮ ಬೈಗುಳವನ್ನು ಈ ಸಲ ಕರೆಂಟಿನ ಕಡೆಗೆ ತಿರುಗಿಸಿದರು. ನಮ್ಮಲ್ಲಿ ಕಿರಿಯವನು ಅಮ್ಮನನ್ನು ಕೆಣಕಲೆಂದು, “ಈಗ ಹೇಳು, ಅವನು ಬಂದನೋ ಇಲ್ಲವೋ?” ಎಂದು ಕೇಳಿದನು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳತೊಡಗಿದಳು. ಅಂಗಳಕ್ಕೆ ಸಗಣಿ ಸಾರಿಸಿತ್ತು. ಬಚ್ಚಲಿನ ಹಂಡೆಗೆ ಬಳ್ಳಿ ಸುತ್ತಿ ನೀರು ತುಂಬಿತ್ತು. ಸಂಜೆ ಗಂಡಸರು ಗದ್ದೆಗೆ ದೀಪ ಕೊಂಡುಹೋಗಿ ಬಲೀಂದ್ರನನ್ನು ಕೂಗಿ ಕರೆದರು. ಆ ಕೂಗು ಹೊಳೆಯ ಆಚೆಗೂ ಕೇಳುತ್ತಿತ್ತು. ಅಬ್ಬೆ ಊಟಕ್ಕೆ ಒಂದು ಎಲೆ ಹೆಚ್ಚು ಹಾಕಿದಳು.

ಕೇಳುತ್ತ ಕೇಳುತ್ತ ನಮಗೆ ಅರಿವಾಯಿತು: ಇದು ಟಿ.ವಿ.ಯ ಮನೆಯಲ್ಲ. ಅಲ್ಲಿ ಹೊಳೆಯಿರಲಿಲ್ಲ, ಗದ್ದೆಯಿರಲಿಲ್ಲ. ಆ ಎಲೆ ಅಮ್ಮನ ಅಣ್ಣನದು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಹೋಟೆಲು ಕೆಲಸಕ್ಕೆಂದು ಮುಂಬಯಿಗೆ ಹೊರಟುಬಂದಿದ್ದನು. ಎರಡು ವರ್ಷ ಕಾಗದ ಬಂತು, ಆಮೇಲೆ ನಿಂತುಹೋಯಿತು. ನಮ್ಮ ಅಜ್ಜಿ ತಾನು ಇರುವವರೆಗೂ ದೀಪಾವಳಿಗೆ ಆ ಎಲೆಯನ್ನು ತಪ್ಪಿಸಲಿಲ್ಲ. ಅಜ್ಜಿ ಹೋದ ಮೇಲೆ ಮನೆ ಪಾಲಾಯಿತು. ಈಗ ಅಲ್ಲಿ ತೆಂಗಿನ ತೋಟವಿದೆ. ಡೊಂಬಿವಲಿಗೆ ಮದುವೆಯಾಗಿ ಬರುವಾಗ, ಅದೇ ಊರಿಗಲ್ಲವೆ ಹೋಗುವುದು, ಎಲ್ಲಿಯಾದರೂ ಕಣ್ಣಿಗೆ ಬಿದ್ದಾನು ಎಂದು ಅಮ್ಮ ಎಣಿಸಿದ್ದಳಂತೆ.

“ಬಂದನೇ ಅಮ್ಮಾ?” ಎಂದು ನಾವು ಕೇಳಿದೆವು. ಈ ಸಲ ಕೇಳಿದ ರೀತಿ ಬೇರೆ.

“ಬರಲಿಲ್ಲ” ಎಂದಳು ಅಮ್ಮ. “ಎಲೆಯನ್ನು ಹಸುವಿಗೆ ಹಾಕಿದೆವು.”

ಅಪ್ಪಯ್ಯ ತಲೆಯೆತ್ತಲಿಲ್ಲ. ಒಂದು ಮಾತೂ ಅರ್ಥವಾಗದ ಮಾವಶಿ ಎದ್ದುಹೋಗಿ, ತಮ್ಮ ಮನೆಯಿಂದ ಒಂದು ತಟ್ಟೆ ಕರಂಜಿಯನ್ನು ತಂದು ಅಮ್ಮನ ಮುಂದಿಟ್ಟರು. ಬಹಳ ಹೊತ್ತಿನ ಮೇಲೆ ಕರೆಂಟು ಬಂದಾಗ ಟಿ.ವಿ.ಯಲ್ಲಿ ಸಾಬೂನಿನ ಜಾಹೀರಾತು ಓಡುತ್ತಿತ್ತು. ಧಾರಾವಾಹಿಯ ಹಿರಿಯ ಮಗ ಮನೆ ಸೇರಿದನೋ ಇಲ್ಲವೋ ನಾವು ಅರಿಯೆವು. ಯಾರನ್ನೂ ಕೇಳಲಿಲ್ಲ.

ಎಷ್ಟೋ ವರ್ಷಗಳ ಅನಂತರ ಒಂದು ಸಂಗತಿಯನ್ನು ಓದಿದೆವು. ಅಮೆರಿಕದಲ್ಲಿ 1965ರಲ್ಲಿ ಆರಂಭವಾದ ‘ಡೇಸ್ ಆಫ್ ಅವರ್ ಲೈವ್ಸ್’ ಎಂಬ ಹಗಲಿನ ಧಾರಾವಾಹಿಯಲ್ಲಿ ಹಾರ್ಟನ್ ಎಂಬ ಮನೆತನವಿದೆ. ಕ್ರಿಸ್ಮಸ್ ಕಂತಿನಲ್ಲಿ ಆ ಮನೆಯವರು ಮರಕ್ಕೆ ಗುಂಡುಗಳನ್ನು ತೂಗುಹಾಕುತ್ತಾರೆ. ಒಂದೊಂದು ಗುಂಡಿನ ಮೇಲೂ ಮನೆಯ ಒಬ್ಬೊಬ್ಬರ ಹೆಸರು. ದೂರ ಹೋದವರ ಹೆಸರೂ ಉಂಟು, ತೀರಿಕೊಂಡವರ ಹೆಸರೂ ಉಂಟು. ಆ ದೇಶದ ಎಷ್ಟೋ ಮಂದಿಗೆ ಹಳೆಯ ಧಾರಾವಾಹಿಗಳ ಪ್ರೇಮವೂ ಮೋಸವೂ ಮರೆತುಹೋಗಿದ್ದರೂ ಹಬ್ಬದ ಈ ಕಂತುಗಳು ಮಾತ್ರ ಮರೆತಿಲ್ಲವಂತೆ. ಇದನ್ನು ಓದಿದಾಗ ನಮಗೆ ಕಂಡದ್ದು ಅಜ್ಜಿಯ ಬಾಳೆಯೆಲೆ. ಕಥೆ ಕಟ್ಟುವವರು ವ್ಯಾಪಾರಕ್ಕಾಗಿ ಕಟ್ಟುತ್ತಾರೆ, ನಿಜ. ಆದರೆ ನೋಡುವವರು ಆ ತುಂಬಿದ ಮನೆಯೊಳಗೆ ತಮ್ಮ ಮನೆಯ ಖಾಲಿ ಎಲೆಯನ್ನು ಇಟ್ಟು ನೋಡುತ್ತಾರೆ. ಅಮ್ಮ ಮೋಸಹೋದವಳೆಂದು ನಾವು ತಿಳಿದಿದ್ದೆವು. ಅವಳಿಗೆ ಎಲ್ಲವೂ ಗೊತ್ತಿತ್ತು, ಗೊತ್ತಿಲ್ಲದವರು ನಾವೇ.

ಈಗ ಚಾಳು ಇಲ್ಲ. ಅದೇ ಜಾಗದಲ್ಲಿ ಎತ್ತರದ ಕಟ್ಟಡವಿದೆ, ಅದರಲ್ಲಿ ಅಪ್ಪಯ್ಯನೂ ಅಮ್ಮನೂ ಇದ್ದಾರೆ. ನಮ್ಮಲ್ಲಿ ಒಬ್ಬರು ಥಾಣೆಯಲ್ಲಿ, ಒಬ್ಬರು ಕಲ್ಯಾಣದಲ್ಲಿ, ಒಬ್ಬರು ನವಿ ಮುಂಬಯಿಯ ನೆರೂಳಿನಲ್ಲಿ. ಧಾರಾವಾಹಿಗಳನ್ನು ಈಗ ಯಾರು ಬೇಕಾದರೂ ಯಾವ ಹೊತ್ತಿನಲ್ಲಾದರೂ ಅಂಗೈಯಲ್ಲೇ ನೋಡಬಹುದು. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ನಿಂತವರು ಕಿವಿಗೆ ತಂತಿ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಹಬ್ಬದ ಕಂತನ್ನು ನೋಡುತ್ತಿರುವುದನ್ನು ನಾವು ಕಂಡಿದ್ದೇವೆ. ಚಿತ್ರದ ಮೇಲೆ ತುಂತುರು ಮಳೆಯಿಲ್ಲ. ಮೊರ ಹಿಡಿದು ಬರುವ ಮಾವಶಿಯೂ ಇಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಗಳಲ್ಲಿಯೂ ಮಧ್ಯಾಹ್ನವೋ ರಾತ್ರಿಯೋ ಒಂದು ಧಾರಾವಾಹಿ ನಡೆಯುತ್ತಿರಬಹುದು. ಅದನ್ನು ನೋಡಿ ನಗುವುದಕ್ಕೆ ಕಾರಣಗಳು ಬೇಕಾದಷ್ಟಿವೆ, ನಾವೂ ನಕ್ಕವರೇ. ಆದರೆ ನೋಡುತ್ತಿರುವ ತಾಯಿಯನ್ನಾಗಲಿ ಅಜ್ಜಿಯನ್ನಾಗಲಿ ಒಂದು ಸಲ ಕೇಳಿರಿ: ಅಲ್ಲಿ ಯಾರನ್ನು ಹುಡುಕುತ್ತಿದ್ದೀರಿ ಎಂದು. ಕರೆಂಟು ಹೋಗುವವರೆಗೆ ಕಾಯಬೇಡಿರಿ.

ದೀಪಾವಳಿಯ ಮಾರನೆಯ ದಿನ ನಾವು ಇಂದಿಗೂ ಡೊಂಬಿವಲಿಯಲ್ಲಿ ಸೇರುತ್ತೇವೆ. ಟಿ.ವಿ. ಒಮ್ಮೊಮ್ಮೆ ಹಾಕಿರುತ್ತದೆ, ಒಮ್ಮೊಮ್ಮೆ ಇಲ್ಲ. ಕಡುಬು ಬೆಂದ ಮೇಲೆ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು, “ಎಲ್ಲರೂ ಬಂದ್ರಾ?” ಎಂದು ಕೇಳುತ್ತಾಳೆ. ನೆರೂಳಿನಿಂದ ಬರುವವರು ಥಾಣೆಯಲ್ಲಿ ಗಾಡಿ ಬದಲಾಯಿಸಬೇಕು. ಅವರದು ಯಾವಾಗಲೂ ತಡ. ಅವರು ಬರುವವರೆಗೆ ಯಾರೂ ಎಲೆಗೆ ಕೈ ಹಚ್ಚುವುದಿಲ್ಲ. ಎಲ್ಲರೂ ಕುಳಿತ ಮೇಲೆ ನಮ್ಮಲ್ಲಿ ಒಬ್ಬರು ಎದ್ದು, ಅಮ್ಮ ಹೇಳದೆಯೇ, ಪಂಕ್ತಿಯ ಕೊನೆಯಲ್ಲಿ ಇನ್ನೊಂದು ಎಲೆಯನ್ನು ಹಾಕುತ್ತೇವೆ.